ಮಗಳ ಕೆನ್ನೆ ಮೂಳೆ ಉಬ್ಬಿದೆ, ಈಗ್ಲೇ ಕೆತ್ತಿಸಬೇಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ಮಗಳಿಗೆ 13 ವರ್ಷ. ಹೋದ ವರ್ಷ ಸ್ಕೂಲ್ ಫೋಟೋ ಬಂದಾಗ್ಲೇ ನಾವು ಗಮನಿಸಿದ್ದು, ಎಡಗಡೆ ಕೆನ್ನೆ ದಪ್ಪ ಕಾಣ್ತಿತ್ತು, ಹಲ್ಲಿನ ಕೀವು ಇರ್ಬೇಕು ಅಂತ ಎರಡು ಸಲ ಆಂಟಿಬಯಾಟಿಕ್ ಕೊಟ್ರು, ಇಳೀಲೇ ಇಲ್ಲ. ನೋವಿಲ್ಲ, ಒತ್ತಿದ್ರೆ ಕಲ್ಲಿನ ಥರ ಗಟ್ಟಿ. ಈಗ ಸಿಟಿ ಸ್ಕ್ಯಾನ್, ಬಯಾಪ್ಸಿ ಆಗಿ ಮೇಲ್ದವಡೆ ಫೈಬ್ರಸ್ ಡಿಸ್‌ಪ್ಲೇಸಿಯಾ ಅಂತ ಬರೆದಿದಾರೆ. ಮನೇಲಿ ಕ್ಯಾನ್ಸರ್ ಅಂದ್ಕೊಂಡು ಅಳ್ತಿದಾರೆ, ನಮ್ಮತ್ತೆ ಬಸುರೀಲಿ ಗ್ರಹಣ ನೋಡಿದ್ದಕ್ಕೇ ಹೀಗಾಯ್ತು ಅಂತಾರೆ. ಬೇಗ ಆಪರೇಷನ್ ಮಾಡಿಸಿಬಿಡೋಣ್ವಾ ಇಲ್ಲಾ ರೇಡಿಯೇಷನ್ನಾ?

ಉತ್ತರ: ಕ್ಯಾನ್ಸರ್ ಅಲ್ಲಮ್ಮ, ಮೊದ್ಲು ಇದನ್ನ ಅತ್ತೆಯವರಿಗೆ ಹೇಳಿ. ಗರ್ಭ ಕಟ್ಟಿದ ಮೇಲೆ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಎಸ್ ಅನ್ನೋ ಜೀನ್ ತಾನಾಗೇ ಬದಲಾಗಿರುತ್ತೆ, ಆ ಕೋಶದಿಂದ ಬೆಳೆದ ಜಾಗದಲ್ಲಿ ಮಾತ್ರ ಮೂಳೆ ಬಲಿಯಲ್ಲ, ನಾರು ತುಂಬ್ಕೊಳ್ಳುತ್ತೆ. ನಿಮ್ಮಿಂದ ಬಂದಿದ್ದಲ್ಲ, ಅವಳ ಮಕ್ಕಳಿಗೂ ಹೋಗಲ್ಲ.

ಸಿಟಿ ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, ಬಾತ್‌ರೂಮ್ ಕಿಟಕಿಯ ಮಸುಕು ಗಾಜಿನ ಥರ ಕಾಣುತ್ತೆ, ಅಂಚು ಎಲ್ಲಿ ಮುಗೀತು ಅಂತಾನೇ ತಿಳಿಯಲ್ಲ. ಗಡ್ಡೆ ಬಿಡಿಸಿ ತೆಗೆದ ಹಾಗೆ ತೆಗೆಯೋಕಾಗಲ್ಲ ಅನ್ನೋದು ಅದಕ್ಕೇ. ಸಾಮಾನ್ಯವಾಗಿ ಮೈ ಬೆಳವಣಿಗೆ ನಿಂತ್ಮೇಲೆ ಇದೂ ನಿಧಾನ ಆಗುತ್ತೆ, ಆಗ ಉಬ್ಬಿದ್ದನ್ನ ಕೆತ್ತಿ ಸಮ ಮಾಡ್ತೀವಿ, ಈಗ ಕೆತ್ತಿದ್ರೆ ಮತ್ತೆ ಬೆಳೆಯೋ ಸಾಧ್ಯತೆ ಜಾಸ್ತಿ. ರೇಡಿಯೇಷನ್ ಮಾತ್ರ ಯಾರು ಹೇಳಿದ್ರೂ ಬೇಡ, ಕ್ಯಾನ್ಸರ್ ಆಗದ ಮೂಳೆ ಅದ್ರಿಂದ ಕ್ಯಾನ್ಸರ್ ಆಗೋ ಅಪಾಯ ಇದೆ. ಮೈಮೇಲೆ ಮಚ್ಚೆ ಏನಾದ್ರೂ ಇದ್ಯಾ?

ಪ್ರಶ್ನೆ: ಹೌದು ಡಾಕ್ಟ್ರೇ, ಬೆನ್ನ ಒಂದೇ ಕಡೆ ಅಂಗೈಯಷ್ಟಗಲ ಕಾಫಿ ಬಣ್ಣದ್ದು, ಹುಟ್ಟಿದಾಗಿಂದ ಇದೆ. ಆಮೇಲೆ ಆರನೇ ವಯಸ್ಸಲ್ಲಿ ಒಂದ್ಸಲ ಮುಟ್ಟಿನ ಥರ ಬ್ಲೀಡಿಂಗ್ ಆಗಿ ತಾನೇ ನಿಂತಿತ್ತು, ಬಿದ್ದು ಪೆಟ್ಟಾಗಿರ್ಬೇಕು ಅಂದ್ಕೊಂಡ್ವಿ. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ?

ಉತ್ತರ: ಇರಬಹುದಮ್ಮ. ಮೂಳೆ ತೊಂದ್ರೆ, ಮಚ್ಚೆ, ಚಿಕ್ಕ ವಯಸ್ಸಲ್ಲೇ ಬ್ಲೀಡಿಂಗ್, ಈ ಮೂರೂ ಒಟ್ಟಿಗೆ ಇದ್ರೆ ಮೆಕ್‌ಕ್ಯೂನ್ ಆಲ್‌ಬ್ರೈಟ್ ಸಿಂಡ್ರೋಮ್ ಅನ್ನೋದನ್ನ ನೋಡ್ಲೇಬೇಕು, ಅದೇ ಜೀನಿನ ತೊಂದ್ರೆ, ಚರ್ಮ ಮತ್ತು ಹಾರ್ಮೋನಿನ ಗ್ರಂಥಿಗಳಲ್ಲೂ ಇರುತ್ತೆ. ಮಕ್ಕಳ ಎಂಡೋಕ್ರೈನ್ ಡಾಕ್ಟರ್, ಅಂದ್ರೆ ಹಾರ್ಮೋನ್ ಡಾಕ್ಟರ್ ಹತ್ರ ಈ ವಾರಾನೇ ಹೋಗಿ, ಬ್ಲೀಡಿಂಗ್ ವಿಷಯ ಬಿಡದೆ ಹೇಳಿ. ಥೈರಾಯ್ಡ್, ಗ್ರೋತ್ ಹಾರ್ಮೋನ್ ಟೆಸ್ಟ್ ಆಗ್ಬೇಕು, ಗ್ರೋತ್ ಹಾರ್ಮೋನ್ ಜಾಸ್ತಿ ಇದ್ರೆ ಮುಖದ ಮೂಳೆ ಇನ್ನೂ ಉಬ್ಬಿ ಕಣ್ಣಿನ ನರಕ್ಕೆ ಅಪಾಯ. ಆ ಹಾರ್ಮೋನ್ ಹತೋಟಿಗೆ ತರೋಕೆ ಔಷಧಿ ಇದೆ. ಬೇರೆ ಮೂಳೆಗಳಲ್ಲೂ ಇದ್ಯಾ ಅಂತ ಬೋನ್ ಸ್ಕ್ಯಾನ್ ಮಾಡಿಸ್ತಾರೆ, ಕಣ್ಣಿನ ಡಾಕ್ಟರ್‌ಗೂ ತೋರಿಸಿ. ಮಧ್ಯದಲ್ಲಿ ನೋಟ ಮಂಜಾದ್ರೆ, ಬಣ್ಣ ಮಾಸಿದ ಹಾಗೆ ಕಂಡ್ರೆ, ಇಲ್ಲಾ ಊತ ದಿಢೀರ್ ಅಂತ ಬೆಳೆದು ನೋವು ಬಂದ್ರೆ ಅಪಾಯಿಂಟ್‌ಮೆಂಟಿಗೆ ಕಾಯ್ಬೇಡಿ, ಅವತ್ತೇ ಕರ್ಕೊಂಡು ಬನ್ನಿ.