ಬೇಕಲದ ಕಡಲತೀರಕ್ಕೆ ಮಳೆ ಹಿಡಿಯುವ ಮೊದಲು ಹೋಗುವುದೋ, ಮಳೆ ಬಿಟ್ಟ ಮೇಲೋ?

ಹೊಸೂರು ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾವು ತಮಿಳುನಾಡಿನ ಹೊಸೂರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು. ನನ್ನ ತಂದೆ ತಾಯಿ ಇಬ್ಬರಿಗೂ ಎಪ್ಪತ್ತು ದಾಟಿದೆ. ಕಡಲಿನ ಬಳಿ ಎರಡು ಮೂರು ದಿನ ನಿಧಾನವಾಗಿ ಕಳೆಯಬೇಕೆಂಬುದು ತಾಯಿಯ ಬಹುಕಾಲದ ಆಸೆ. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆಯನ್ನು ಕಣ್ಣಾರೆ ಕಾಣಬೇಕೆಂಬುದು ತಂದೆಯ ಆಸೆ. ಎರಡೂ ಒಂದೇ ಕಡೆ ಈಡೇರುವುದರಿಂದ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಡಿಸೆಂಬರಿನ ಜನಸಂದಣಿ ಅವರಿಗೆ ಒಗ್ಗುವುದಿಲ್ಲ, ಏಪ್ರಿಲ್ ತಿಂಗಳ ಸೆಕೆಯನ್ನು ಅವರು ತಡೆದುಕೊಳ್ಳಲಾರರು. ಆದ್ದರಿಂದ ಋತು ಬದಲಾಗುವ ಹೊತ್ತಿನಲ್ಲಿ, ಅಂದರೆ ಮಳೆ ಇನ್ನೇನು ಹಿಡಿಯುತ್ತದೆ ಎನ್ನುವ ಮೇ ಕೊನೆಯಲ್ಲಿ ಇಲ್ಲವೇ ಮಳೆ ಬಿಡುವ ಅಕ್ಟೋಬರಿನಲ್ಲಿ ಬರುವ ಯೋಚನೆಯಿದೆ. ಬಯಲುಸೀಮೆಯ ಹವೆಗೆ ಹೊಂದಿಕೊಂಡಿರುವ ನಮಗೆ ಕರಾವಳಿಯ ಮಳೆಯ ಲೆಕ್ಕಾಚಾರ ತಿಳಿಯದು. ಅಲ್ಲಿಯವರೇ ಆದ ನೀವು ಯಾವ ಸಮಯ ಒಳ್ಳೆಯದೆನ್ನುತ್ತೀರಿ, ಏಕೆ ಎಂಬುದನ್ನು ದಯವಿಟ್ಟು ತಿಳಿಸಿ.

ಚಂದ್ರಗಿರಿ ದಡ:

ಅಕ್ಕ, ಹಿರಿಯರು ಜೊತೆಗಿರುವುದರಿಂದ ಅಕ್ಟೋಬರ್ ತಿಂಗಳನ್ನು, ಅದರಲ್ಲೂ ಕೊನೆಯ ವಾರವನ್ನೇ ಆರಿಸಿಕೊಳ್ಳಿ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಆದರೆ ಅದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಬಂದಿತು. ಹೀಗೆ ಎರಡು ವಾರದಷ್ಟು ಹಿಂದುಮುಂದಾಗುವ ಮಳೆಯನ್ನು ನೆಚ್ಚಿಕೊಂಡು, ತಿಂಗಳುಗಳ ಮೊದಲೇ ರೈಲಿನ ಟಿಕೆಟ್ ಮತ್ತು ಕೋಣೆಯನ್ನು ಕಾದಿರಿಸುವುದು ಕಷ್ಟ. ಒಮ್ಮೆ ಹಿಡಿದ ಮೇಲಂತೂ ಹಗಲು ರಾತ್ರಿ ಎನ್ನದೆ ಹೊಯ್ಯುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3,500 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ.

ಅಕ್ಟೋಬರಿನ ಹಿಂಗಾರು ಮಳೆಯ ಸ್ವಭಾವವೇ ಬೇರೆ. ಬೆಳಿಗ್ಗೆ ಆಕಾಶ ಶುಭ್ರವಾಗಿರುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಮೂಡಣದ ಘಟ್ಟದ ಕಡೆ ಮೋಡ ಕಟ್ಟಿ, ಸಂಜೆಗೆ ಗುಡುಗು ಮಿಂಚಿನೊಂದಿಗೆ ಕಡಲಿನತ್ತ ಸಾಗಿ ಬರುತ್ತದೆ. ಬೇಕಲಕ್ಕೆ ಬರುವವರೆಲ್ಲ ಸೂರ್ಯಾಸ್ತಕ್ಕೆಂದೇ ಬರುತ್ತಾರೆ. ಈ ದಿನಗಳಲ್ಲಿ ಮಾತ್ರ ಆ ಸೂರ್ಯಾಸ್ತವು ಮೋಡದಲ್ಲಿ ಮುಚ್ಚಿಹೋಗುವುದೇ ಹೆಚ್ಚು. ಆದ್ದರಿಂದ ನೀವು ಬೆಳಗಿನ ಹೊತ್ತನ್ನು ಕಡಲಿಗೂ ಕೋಟೆಗೂ ಮೀಸಲಿಡಿ. ಆಗ ಬಿಸಿಲು ಬೆನ್ನ ಹಿಂದಿನಿಂದ ಬೀಳುವುದರಿಂದ ಪಡುವಣದ ಕಡಲನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ಕುಕ್ಕುವುದಿಲ್ಲ. ಹನ್ನೊಂದರ ಬಳಿಕ ಸೆಕೆ ಏರುತ್ತದೆ, ಕೋಣೆಗೆ ಮರಳಿ ವಿಶ್ರಮಿಸಬಹುದು. ಸುಮಾರು ನಲವತ್ತು ಎಕರೆಯ ಈ ಕೋಟೆ ಕಡಲಿಗೆ ಚಾಚಿಕೊಂಡ ಭೂಶಿರದ ಮೇಲಿರುವ ಬಯಲು ಜಾಗ. ಆದ್ದರಿಂದ ಗುಡುಗು ಕೇಳಿಸಿದರೆ ಅಲ್ಲಿ, ವಿಶೇಷವಾಗಿ ಎಲ್ಲಕ್ಕಿಂತ ಎತ್ತರದ ವೀಕ್ಷಣಾ ಬುರುಜಿನ ಮೇಲೆ, ಒಂದು ಕ್ಷಣವೂ ನಿಲ್ಲಬೇಡಿ.

ಇನ್ನೊಂದು ವಿಷಯವನ್ನು ಪ್ರವಾಸದ ಪುಸ್ತಿಕೆಗಳು ಹೇಳುವುದಿಲ್ಲ. ಮಳೆಗಾಲದ ಕಡಿದಾದ ಅಲೆಗಳು ದಂಡೆಯ ಹೊಯಿಗೆಯನ್ನು, ಅಂದರೆ ಮರಳನ್ನು, ಕೊರೆದು ಕಡಲಿನೊಳಕ್ಕೆ ಎಳೆದೊಯ್ದು ಅಲ್ಲಿ ದಿಬ್ಬವಾಗಿ ಇಡುತ್ತವೆ. ಮಳೆಗಾಲ ಕಳೆದ ಮೇಲೆ ಬರುವ ಸೌಮ್ಯವಾದ ಅಲೆಗಳು ಅದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಹಾಗಾಗಿ ಅಕ್ಟೋಬರಿನಲ್ಲಿ ಚಿತ್ರಗಳಲ್ಲಿ ಕಾಣುವಷ್ಟು ಅಗಲವಾದ ದಂಡೆ ಇನ್ನೂ ಸಿದ್ಧವಾಗಿರುವುದಿಲ್ಲ. ಕೆಲವೆಡೆ ನೀರಿನ ಅಂಚಿನಲ್ಲಿ ಹೊಯಿಗೆಯು ಮನೆಯ ಜಗಲಿಯಷ್ಟು ಎತ್ತರಕ್ಕೆ ಕಡಿದು ನಿಂತಿರುತ್ತದೆ. ಮೇಲಿನಿಂದ ಗಟ್ಟಿಯಾಗಿ ಕಂಡರೂ ಕಾಲಿಟ್ಟೊಡನೆ ಅದು ಕುಸಿಯುತ್ತದೆ. ತಾಯಿಯವರನ್ನು ಅದರ ಅಂಚಿಗೆ ಕರೆದೊಯ್ಯದೆ, ದಂಡೆ ಇಳಿಜಾರಾಗಿರುವ ಕಡೆ ಕೈಹಿಡಿದು ಪಾದ ತೋಯುವಷ್ಟು ಮಾತ್ರ ನೀರಿಗಿಳಿಸಿ.

ಮಂಜೇಶ್ವರದವ:

ಮೇಲಿನವರ ಸಲಹೆ ಹಿರಿಯರ ದೃಷ್ಟಿಯಿಂದ ಸರಿಯಾಗಿದೆ. ಆದರೂ ಮಳೆ ಹಿಡಿಯುವ ಹೊತ್ತಿನ ಪರವಾಗಿ ಎರಡು ಮಾತು ಹೇಳದೆ ಇರಲಾರೆ. ಕಡಲತೀರವನ್ನು ನಾನು ಅತ್ಯಂತ ಪ್ರೀತಿಸುವುದು ಆ ದಿನಗಳಲ್ಲೇ. ಗಾಳಿ ಪಡುವಣದಿಂದ ಬೀಸತೊಡಗಿ ಬಲವಾಗುತ್ತದೆ, ನೀರಿನ ನೀಲಿ ಬಣ್ಣ ಹೋಗಿ ಬೂದಿ ಬಣ್ಣ ಬರುತ್ತದೆ, ದೂರದ ಮಳೆಯ ಪರದೆ ಕಡಲ ಮೇಲಿಂದ ನಡೆದು ಬಂದು ದಂಡೆಯನ್ನು ಮುಟ್ಟುವುದನ್ನು ನಿಂತಲ್ಲಿಂದಲೇ ನೋಡಬಹುದು. ಆ ನೋಟವು ಅಕ್ಟೋಬರಿನಲ್ಲಿ ಸಿಗುವುದಿಲ್ಲ.

ಆದರೆ ಅದರ ಅಪಾಯಗಳನ್ನೂ ತಿಳಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಮಳೆ ಏನೂ ಇಲ್ಲದ ಬಿಸಿಲಿನ ದಿನದಲ್ಲೂ ದೊಡ್ಡ ಅಲೆಗಳು ಏಕಾಏಕಿ ದಂಡೆಯನ್ನು ದಾಟಿ ಒಳನುಗ್ಗುವುದುಂಟು. ಕೇರಳದಲ್ಲಿ ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಳ ಬಳಿಕ ಇಲ್ಲಿಗೆ ಬಂದು ತಲುಪುವುದೇ ಇದಕ್ಕೆ ಕಾರಣ. ಕಡಲಿನ ಸ್ಥಿತಿಗತಿಯ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯು ಇದರ ಮುನ್ಸೂಚನೆ ನೀಡುತ್ತದೆ, ಅದನ್ನು ನೋಡಿಕೊಳ್ಳದೆ ದಂಡೆಗೆ ಇಳಿಯಬಾರದು. ಮಳೆ ಜೋರಾದ ಮೇಲೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ಘಟ್ಟದಲ್ಲಿ ಗುಡ್ಡ ಕುಸಿದು ರೈಲುಗಳು ನಿಲ್ಲುವುದೂ ಇದೆ. ಮೀನು ತಿನ್ನುವವರಾದರೆ ಇದನ್ನೂ ಗಮನಿಸಿ: ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್, ಅಂದರೆ ಯಾಂತ್ರಿಕ ದೋಣಿಗಳಿಂದ ಬಲೆ ಎಳೆದು ಮೀನು ಹಿಡಿಯುವುದಕ್ಕೆ, ನಿಷೇಧವಿರುತ್ತದೆ. ಮಳೆಗಾಲದ ಬಳಿಕ ಸಿಗುವ ಕೊಬ್ಬು ತುಂಬಿದ ಬೂತಾಯಿ ಮೀನಿನ ರುಚಿ ಬೇರೆಯೇ. ಈ ವಿಷಯದಲ್ಲಿ ನಾನೂ ಅಕ್ಟೋಬರಿನ ಪಕ್ಷದವನೇ.

ಪದವಿನ ಮನೆ:

ನೀವು ಕೇಳಿದ ಎರಡು ಸಮಯಗಳ ನಡುವೆ ಮೂರನೆಯದೊಂದಿದೆ: ಮಳೆ ಇಳಿಮುಖವಾಗಿ ಹೊಳವಾಗುವ ಸೆಪ್ಟೆಂಬರ್. ಕಾಸರಗೋಡು ಎಂದರೆ ಕಡಲು ಮಾತ್ರವಲ್ಲ, ಅದರ ಬೆನ್ನಿಗಿರುವ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳೂ, ಅಂದರೆ ಎತ್ತರದ ಬಯಲುಗಳೂ ಹೌದು. ಬೇಸಿಗೆಯಲ್ಲಿ ಕಾದು ಬರಡಾಗಿ ಕಾಣುವ ಈ ಕಲ್ಲುಹಾಸುಗಳ ತಗ್ಗಿನಲ್ಲಿ ಆಗ ಬೆರಳುದ್ದದ ತೆಳ್ಳಗಿನ ದಂಟಿನ ಮೇಲೆ ನೀಲಿ ಹೂಗಳು ಸಾವಿರಗಟ್ಟಲೆ ಅರಳಿರುತ್ತವೆ. ಬಗ್ಗಿ ನೋಡಿದರೆ ಒಂದೊಂದು ಹೂವೂ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು. ತೆಳುವಾದ ಮಣ್ಣಿನಲ್ಲಿ ಸಾಕಷ್ಟು ಪೋಷಕಾಂಶ ಸಿಗದ ಕಾರಣ, ಈ ಗಿಡ ನೆಲದೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ನೀರು ಆರಿ ಇವು ಬಹುಮಟ್ಟಿಗೆ ಮುಗಿದಿರುತ್ತವೆ. ಕುಂಬಳೆಯ ಹತ್ತಿರದ ಅನಂತಪುರ ದೇವಾಲಯವು ಇಂಥದೇ ಮುರಕಲ್ಲಿನ ನೆಲದಲ್ಲಿ, ಕೆರೆಯ ನಡುವೆ ಇದೆ. ಮಳೆಗಾಲದ ಕೊನೆಗೆ ಆ ಕೆರೆ ತುಂಬಿರುತ್ತದೆ. ಯಾವ ತಿಂಗಳು ಬಂದರೂ ಅದನ್ನು ಬಿಡಬೇಡಿ.

ಹೊಸೂರು ಕನ್ನಡತಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪದವಿನ ಹೂಗಳ ವಿಷಯ ಓದಿ ಮನಸ್ಸು ಸೆಪ್ಟೆಂಬರಿನ ಕಡೆಗೂ ವಾಲಿತು, ಆದರೆ ತಾಯಿಗೆ ಮಂಡಿನೋವು ಇರುವುದರಿಂದ ಒದ್ದೆಯಾದ ಕಲ್ಲಿನ ಮೇಲೆ ನಡೆಸುವ ಧೈರ್ಯ ನನಗಿಲ್ಲ. ಅಕ್ಟೋಬರ್ ಕೊನೆಯ ವಾರವೆಂದೇ ತೀರ್ಮಾನಿಸುತ್ತೇವೆ. ಕೋಟೆಯನ್ನು ಅವರು ಹತ್ತಬಲ್ಲರೇ? ರೈಲು ಯಾವುದು ಅನುಕೂಲ? ಅಲ್ಲಿ ಕನ್ನಡದಲ್ಲೇ ವ್ಯವಹರಿಸಬಹುದೇ?

ಚಂದ್ರಗಿರಿ ದಡ:

ಕೋಟೆಯ ಒಳಗೆ ಬಹುಪಾಲು ಸಮತಟ್ಟಾದ ಹುಲ್ಲುಗಾವಲು, ವೀಕ್ಷಣಾ ಬುರುಜಿಗೂ ಇಳಿಜಾರಿನ ದಾರಿಯಿದೆ. ಆದರೆ ಮಳೆ ಬಿಟ್ಟ ಹೊಸತರಲ್ಲಿ ಮುರಕಲ್ಲಿನ ಮೇಲೆ ಪಾಚಿ ಉಳಿದಿರುತ್ತದೆ. ಚಪ್ಪಲಿಗಿಂತ ಹಿಡಿತವಿರುವ ಬೂಟು ಒಳ್ಳೆಯದು, ಕೆರೆಯ ಮೆಟ್ಟಿಲುಗಳನ್ನು ಮಾತ್ರ ಇಳಿಸಬೇಡಿ. ತಂದೆಯವರಿಗೆ ಹೊರಗೋಡೆಯ ಕೋವಿಕಿಂಡಿಗಳನ್ನು ತೋರಿಸಿ. ಮೇಲಿನ ಕಿಂಡಿಗಳು ದೂರದ ಗುರಿಗೆ, ಅದರ ಕೆಳಗಿನವು ಸಮೀಪಿಸಿದ ಶತ್ರುವಿಗೆ, ಎಲ್ಲಕ್ಕಿಂತ ಕೆಳಗಿನವು ಗೋಡೆಯ ಬುಡಕ್ಕೇ ಬಂದವರಿಗೆ ಎಂಬಂತೆ ಬೇರೆ ಬೇರೆ ಓರೆಯಲ್ಲಿ ಕೊರೆದಿದ್ದಾರೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿದರೆ ಹದಿನೇಳನೆಯ ಶತಮಾನದ ಆ ಲೆಕ್ಕಾಚಾರ ತಾನಾಗಿಯೇ ತಿಳಿಯುತ್ತದೆ.

ಬೆಂಗಳೂರಿನಿಂದ ರಾತ್ರಿ ಹೊರಡುವ ಕಣ್ಣೂರು ಎಕ್ಸ್‌ಪ್ರೆಸ್ ಹಾಸನ, ಮಂಗಳೂರು ದಾರಿಯಾಗಿ ಬೆಳಿಗ್ಗೆ ಕಾಸರಗೋಡು ತಲುಪುತ್ತದೆ. ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿ ಕರಾವಳಿಯ ರಸ್ತೆಯಲ್ಲಿ ಬೇಕಲಕ್ಕೆ ಸುಮಾರು 16 ಕಿಲೋಮೀಟರ್. ಹೊಳೆಯ ಉತ್ತರಕ್ಕೆ ಕನ್ನಡ, ತುಳು ಧಾರಾಳವಾಗಿ ನಡೆಯುತ್ತದೆ. ದಕ್ಷಿಣಕ್ಕೆ ಮಲಯಾಳವೇ ಹೆಚ್ಚಾದರೂ ನಿಮಗೆ ತಮಿಳು ತಿಳಿದಿರುವುದರಿಂದ ಎಲ್ಲಿಯೂ ತೊಂದರೆಯಾಗದು. ಕೋಣೆ ಮಾತ್ರ ನೆಲಮಟ್ಟದಲ್ಲೇ ಬೇಕೆಂದು ಕೇಳಿ ಕಾದಿರಿಸಿ. ಅಕ್ಟೋಬರ್ ಕೊನೆಯಲ್ಲಿ ಬರುವ ಪತ್ತಾಮುದಯದಿಂದ, ಅಂದರೆ ಮಲಯಾಳ ಪಂಚಾಂಗದ ತುಲಾಮಾಸದ ಹತ್ತನೆಯ ದಿನದಿಂದ, ನಮ್ಮ ಭೂತಕೋಲವನ್ನು ಹೋಲುವ ತೆಯ್ಯಂ ಆರಾಧನೆಗಳ ಕಾಲವೂ ಆರಂಭವಾಗುತ್ತದೆ. ಟಿಕೆಟ್ ಖಚಿತವಾದ ಮೇಲೆ ದಿನಾಂಕವನ್ನು ಇಲ್ಲಿ ತಿಳಿಸಿದರೆ, ಹಿರಿಯರು ಕುಳಿತು ನೋಡಬಹುದಾದ ಜಾಗದಲ್ಲಿ ಆ ದಿನಗಳಂದು ತೆಯ್ಯಂ ಇದೆಯೇ ಎಂದು ವಿಚಾರಿಸಿ ಬರೆಯುತ್ತೇನೆ.