ಸಹಾಯ ಬೇಕು: ಕೌದಿಗೆ ಹತ್ತಿ ದಾರ ಎಲ್ಲಿ ಸಿಗುತ್ತದೆ?

ಅಜ್ಜಿಯ ಹಳೇ ಹತ್ತಿ ಸೀರೆ ಆರು ಇವೆ, ಮಳೆಗಾಲ ಮುಗಿಯುವುದರೊಳಗೆ ಒಂದು ಕೌದಿ ಹೊಲಿಯಬೇಕು ಅಂತ ಕೂತಿದ್ದೇನೆ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಹಾಗೆ ಅಂಚಿನಿಂದ ಶುರು ಮಾಡಿ, ಸುತ್ತು ಬರುತ್ತಾ ನಡುವಿಗೆ ಮುಗಿಸುವ ಆಸೆ. ಮೊದಲ ಮೂಲೆಯಲ್ಲೇ ಎಡವಟ್ಟಾಯಿತು! ಒಂದು ಗೇಣು ಹೊಲಿಯುವಷ್ಟರಲ್ಲಿ ಅಡಿಯ ಸೀರೆ ಮುದುರಿ ಗುಬ್ಬಿಗೂಡಿನ ಥರ ಆಗಿ, ಪೂರ್ತಿ ಬಿಚ್ಚಿದೆ. ಮೊದಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕಿತ್ತಾ? ಗೊತ್ತಿದ್ದವರು ಹೇಳಿ.

ಇನ್ನೊಂದು, ಗಾಂಧಿ ಬಜಾರಿನಲ್ಲಿ ಎರಡು ಅಂಗಡಿ ಸುತ್ತಿದೆ, ಇಬ್ಬರೂ ಪಾಲಿಯೆಸ್ಟರ್ ದಾರವನ್ನೇ ಕೊಟ್ಟರು. ದಪ್ಪ ಹತ್ತಿ ದಾರ, ಉದ್ದ ಸೂಜಿ ಶಿವಮೊಗ್ಗದಲ್ಲೋ ಸಾಗರದಲ್ಲೋ ಎಲ್ಲಿ ಸಿಗುತ್ತದೆ? ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆ ಕೊಡುವವರಿದ್ದರೂ ತಿಳಿಸಿ. ಹತ್ತಿಯದೇ ಆಗಬೇಕು. ಹೊದೆಯುವವರು ನಮ್ಮ ಮಾವ, ಸಿಂಥೆಟಿಕ್ ತಾಗಿದರೆ ರಾತ್ರಿಯೆಲ್ಲಾ ಗೊಣಗುತ್ತಾರೆ.