ವಾಲ್ವ್‌ಗೆ ಬೋರ್ಡಿನಲ್ಲಿ ಎಂತ ಬರೆಯುವುದು? (ಅರ್ಜೆಂಟ್)

ಕಾಸರಗೋಡಿನ ಬದಿಯಡ್ಕ ಹತ್ತಿರ ನಮ್ಮ ಕುಡಿಯುವ ನೀರಿನ ಟ್ಯಾಂಕಿನ ಬುಡದಲ್ಲಿ ಬೋರ್ಡು ಹಾಕ್ಲಿಕ್ಕುಂಟು, ಮಲಯಾಳದ್ದು ಬರೆದಾಗಿದೆ, ಕೆಳಗೆ ಕನ್ನಡಕ್ಕೆ ಜಾಗ ಬಿಟ್ಟಿದ್ದಾರೆ, ಪೈಂಟರ್ ನಾಳೆ ಬೆಳಿಗ್ಗೆ ಬರ್ತಾರೆ. ನೀರು ಬಿಡುವವರಲ್ಲದೆ ಬೇರೆ ಯಾರೂ ವಾಲ್ವ್ ತಿರುಗಿಸಬಾರದು, ಇಷ್ಟೇ ವಿಷಯ. ನಿಘಂಟಲ್ಲಿ ಕವಾಟ ಅಂತ ಉಂಟು, ಹಾಕ್ಬಹುದಾ?

> ಹಾಕ್ಬಹುದಾ?

ಬೇಡ. ಕವಾಟ ಸಂಸ್ಕೃತ. ತೂಬು ಅಂತ ಬರೀರಿ. ಕೆರೆ ನೀರನ್ನು ಬೇಕಾದಾಗ ಬಿಡುವ ಜಾಗಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು, ತಮಿಳಲ್ಲಿ ತೂಂಬು. ಮಲಯಾಳದವರು ವಾಲ್ವ್ ಅಂತಾರೆ, ಕಾಸರಗೋಡಿನಲ್ಲಿ ಕೂತು ನೀವೂ ಅದನ್ನೇ ಬರೆದ್ರೆ ಲಿಪಿ ಮಾತ್ರ ಬದಲಾದ ಹಾಗೆ.

> ತೂಬು ಅಂತ ಬರೀರಿ

ಆಗ್ಲಿಕ್ಕಿಲ್ಲ. ತೂಬು ಘಟ್ಟದ ಮೇಲಿನ ಕೆರೆಗಳದ್ದು, ಇಲ್ಲಿರುವುದು ಕಟ್ಟ (ತೋಡಿಗೆ ಹಾಕುವ ಅಡ್ಡಗಟ್ಟೆ), ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಪಳ್ಳ (ನೀರು ನಿಲ್ಲುವ ತಗ್ಗು). ಅಲ್ಲದೆ ತೂಬು ಅಂದ್ರೆ ನೀರು ಹೋಗುವ ಕಂಡಿ, ವಾಲ್ವ್ ಆ ಕಂಡಿಯನ್ನು ಮುಚ್ಚುವಂಥದ್ದು, ಎರಡೂ ಒಂದಲ್ಲ.

ಕವಾಟ ಕೆಟ್ಟ ಪದವೇನಲ್ಲ ಮಾರಾಯ್ರೆ. ಲ್ಯಾಟಿನ್ನಿನ ವಾಲ್ವಾ ಅಂದ್ರೆ ಮಡಚುವ ಬಾಗಿಲಿನ ಹಲಗೆ, ಕವಾಟವೂ ಬಾಗಿಲೇ, ಹಾಗಾಗಿ ಹೃದಯದ ನಾಲ್ಕು ವಾಲ್ವ್‌ಗಳಿಗೆ ಅದು ಪಾಠಪುಸ್ತಕದಲ್ಲಿ ಚೆನ್ನಾಗಿ ಕೂತಿದೆ, ರಕ್ತ ಹಿಂದೆ ಬಾರದ ಹಾಗೆ ಮುಚ್ಚಿಕೊಳ್ಳುವುದೇ ಅವುಗಳ ಕೆಲಸ. ಅಲ್ಲಿರಲಿ. ಮರುವಾಯಿಯ (ಕಪ್ಪೆಚಿಪ್ಪಿನ ಜೀವಿ) ಒಂದೊಂದು ಚಿಪ್ಪೂ ಇಂಗ್ಲಿಷಲ್ಲಿ ವಾಲ್ವೇ, ನಮಗೆ ಚಿಪ್ಪು ಸಾಕು. ಹಳೆ ರೇಡಿಯೋದ ಗಾಜಿನ ವಾಲ್ವ್ ಮತ್ತೊಂದು, 1904ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಜಾನ್ ಫ್ಲೆಮಿಂಗ್ ಮಾಡಿದ್ದು, ಕರೆಂಟು ಒಂದೇ ದಿಕ್ಕಿಗೆ ಹೋಗ್ತದೆ ಅಂತ ಆ ಹೆಸರು, ಅಮೆರಿಕದವರು ಅದನ್ನೇ ಟ್ಯೂಬ್ ಅಂದ್ರು. ಇಂಗ್ಲಿಷಿನವರಿಗೇ ಒಂದು ಹೆಸರಿಲ್ಲ, ನಾವು ಎಲ್ಲದಕ್ಕೂ ಒಂದೇ ಪದ ಯಾಕೆ ಹುಡುಕ್ಬೇಕು? ತೋಟದ ಪಂಪಿನ ಫುಟ್‌ವಾಲ್ವ್ ಹಾಳಾಗಿ ಪೈಪಿನ ನೀರೆಲ್ಲ ಬಾವಿಗೆ ಇಳಿದು ಪಂಪು ನೀರೆತ್ತದೆ ಸುಮ್ಮನೆ ಓಡ್ತಿರುವಾಗ ಯಾವ ಕೃಷಿಕರೂ ಅದನ್ನು ಕವಾಟ ಅಂತ ಹೇಳುವುದಿಲ್ಲ.

> ಯಾವ ಕೃಷಿಕರೂ

ಹೀಗೆ ಹೇಳಿ ಹೇಳಿಯೇ ಅರ್ಧ ಭಾಷೆ ಹೋಯ್ತು. ನಾಳೆ ನೀರಿಗೂ ವಾಟರ್ ಅಂತೀರಿ.

> ವಾಟರ್ ಅಂತೀರಿ

ಸಂಬಂಧ ಇಲ್ಲದ ಮಾತು. ನೀರು ಅನ್ನುವ ಪದ ನಮ್ಮಲ್ಲಿ ಮೊದಲಿಂದ ಉಂಟು, ಪೈಪು ವಾಲ್ವು ಸಾಮಾನಿನ ಜೊತೆಗೇ ಬಂದ ಹೆಸರುಗಳು. ಚಾವಿ, ಬಟಾಟೆ ಪೋರ್ಚುಗೀಸರಿಂದ ಬಂದವು, ಅದರಿಂದ ಕನ್ನಡ ಕೆಡ್ಲಿಲ್ಲ. ಇಲ್ಲಿ ನಿಜವಾಗಿ ಕೆಡುವುದು ಮಲಯಾಳದ ವಾಕ್ಯವನ್ನು ಹಾಗೇ ಎತ್ತಿ ಕನ್ನಡ ಅಕ್ಷರದಲ್ಲಿ ಕೂರಿಸಿದಾಗ, ನಮ್ಮ ಕಡೆಯ ಬೋರ್ಡುಗಳಲ್ಲಿ ಕ್ರಿಯಾಪದವೇ ಸರಿ ಇರುವುದಿಲ್ಲ, ಅದಕ್ಕೆ ಜಗಳ ಮಾಡಿ, ನಾನೂ ಬರ್ತೇನೆ.

ಬೋರ್ಡಿಗೆ ಹೀಗೆ ಬರೆಸಿ: "ನೀರು ಬಿಡುವವರ ಹೊರತು ಬೇರೆ ಯಾರೂ ಈ ವಾಲ್ವನ್ನು ತಿರುಗಿಸಬಾರದು." ಬಸ್ಸು, ಕಾರಿನ ಹಾಗೆ ಉಕಾರ ಸೇರಿಸಿ ವಾಲ್ವು ಅಂತ ಇಟ್ಕೊಂಡ್ರೆ ವಿಭಕ್ತಿ ಸಲೀಸಾಗಿ ಹತ್ತುತ್ತದೆ.

> ಹೀಗೆ ಬರೆಸಿ

ಇದೇ ಬರೆಸ್ತೇನೆ. ಪೈಂಟರಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ, ಲಕಾರದ ಕೆಳಗಿನ ವ ಒತ್ತು ಬಿಟ್ಟುಹೋಗದ ಹಾಗೆ ಹತ್ತಿರವೇ ನಿಂತು ನೋಡ್ತೇನೆ.